ಫಿಶ್ ಫೈಂಡರ್ 200 ಕಿಲೋಹರ್ಟ್ಸ್, ಧಾರವಾಡ ರೇಡಿಯೊ 765 ಕಿಲೋಹರ್ಟ್ಸ್: ಶಬ್ದ ಎಲ್ಲಿ ಮುಗದು ರೇಡಿಯೊ ಎಲ್ಲಿ ಶುರು ಆಗತೈತ್ರಿ?

ಬೆತಿಂ_ಬಸಣ್ಣ:

ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ಗದಗ ಕಡೆ ಊರು, ಈಗ ಗೋವಾದಾಗ ಬೆತಿಂ ಹತ್ರ ಇರ್ತೀವಿ. ಮಾಲಿಂ ಜೆಟ್ಟಿಗೆ ಐಸ್ ಹಾಕೋದು ನನ್ನ ಧಂಧೆ. ಮಗಳು ಹನ್ನೊಂದನೇ ಕ್ಲಾಸ್, ಸೈನ್ಸ್. ಸಾಲಿ ಇಂಗ್ಲಿಷಿನ್ಯಾಗ, ಆದ್ರ ತಿಳಿಲಾರದ್ದನ್ನ ಮನ್ಯಾಗ ಕನ್ನಡದಾಗ ಜಗ್ಗ್ಯಾಡಿದ್ರನ ಅಕಿಗೆ ಸಮಾಧಾನ.

ಈಗ ಬಂದ್ ಸೀಸನ್ ಅಲ್ರಿ, ಬೋಟ್ ಎಲ್ಲಾ ಕಟ್ಟಿ ಹಾಕ್ಯಾರ. ಹಳೇ ಬಾಕಿ ವಸೂಲಿಗೆ ಜೆಟ್ಟಿಗೆ ಹೋದಾಗ ಅಕೀನೂ ಸಂಗಾಟ ಬಂದಿದ್ಲು. ಗುರುತಿನ ತಾಂಡೇಲ (ಬೋಟ್ ನಡಸಾಂವ) ಒಬ್ಬಾಂವ ಕ್ಯಾಬಿನ್ ಒಳಗ ಕರದು ಹೊಸ ಫಿಶ್ ಫೈಂಡರ್ ಚಾಲೂ ಮಾಡಿ ತೋರಿಸಿದ. ಸ್ಕ್ರೀನ್ ಮೂಲ್ಯಾಗ 200 ಕಿಲೋಹರ್ಟ್ಸ್ ಅಂತ ಇತ್ತು. "ಇದು ನೀರಾಗ ಶಬ್ದ ಬಿಡತೈತಿ, ತಳಕ್ಕ ಬಡದು ತಿರುಗಿ ಬರತೈತಿ" ಅಂದ. ನಾ ಸುಮ್ನ ಇರಬೇಕಿಲ್ಲೋ? "ನಾ ಗೋವಾಕ್ಕ ಬಂದ ಹೊಸದಾಗಿ ಟ್ರಾನ್ಸಿಸ್ಟರ್‌ದಾಗ ಧಾರವಾಡ ಆಕಾಶವಾಣಿ ಹಚ್ಚತಿದ್ದೆ, ಅದೂ ಕಿಲೋಹರ್ಟ್ಸ್‌ನ, 765" ಅಂದೆ. ಮುಗೀತು. ಅಕಿ ಹಿಡಕೊಂಡ್ಲು.

"ಪಪ್ಪಾ, ನಮ್ಮ ಕಿವಿಗೆ ಕೇಳೋದು 20 ಸಾವಿರ ಹರ್ಟ್ಸ್‌ತನಕ. ಈ ಮಷೀನು 2 ಲಕ್ಷ. ನಿಮ್ಮ ಧಾರವಾಡ 7 ಲಕ್ಷ 65 ಸಾವಿರ. ಹಂಗಾದ್ರ ಶಬ್ದಾನ ಏರ್ಕೋತ ಹೋಗಿ ನಡುವ ಎಲ್ಲೋ ರೇಡಿಯೊ ಆಗಿರಬೇಕಲ್ಲ? ಇನ್ನೂ ಏರಿದ್ರ ಬೆಳಕ ಆಗಬೇಕು. ಆ ಗಡಿ ಎಲ್ಲೈತಿ?"

ಪುಸ್ತಕದಾಗ ನೋಡಿದ್ರ ಯಾಂತ್ರಿಕ ಅಲೆಗೆ (ಶಬ್ದ ಈ ಜಾತಿ) ಮಾಧ್ಯಮ, ಅಂದ್ರ ಗಾಳಿ ನೀರಿನಂಥಾ ವಸ್ತು ಬೇಕು, ವಿದ್ಯುತ್ಕಾಂತೀಯ ಅಲೆಗೆ (ರೇಡಿಯೊ, ಬೆಳಕು ಈ ಜಾತಿ) ಬ್ಯಾಡ ಅಂತ ಒಂದ ಸಾಲು ಐತಿ. ಗಡಿ ಸುದ್ದಿ ಇಲ್ಲ. ಟ್ಯೂಷನ್ ಸರ್ "ಪರೀಕ್ಷಾದಾಗ ಬರಂಗಿಲ್ಲ, ಬಿಡು" ಅಂದ್ರಂತ.

ಇನ್ನೊಂದು ನಂದ ಸ್ವಂತದ್ದು. ಅದ ಕ್ಯಾಬಿನ್‌ದಾಗ ಮ್ಯಾಲ ವಯರ್‌ಲೆಸ್ ಸೆಟ್ ಇತ್ತು. ಸೀದಾ ಅದನ್ನ ಕೆಳಗ ಮಾಡಿ ಬಿಟ್ರ ಮೀನ ಕಾಣಂಗಿಲ್ಲೇನು? ಅದಕ್ಕ ಬ್ಯಾರೆ ಮಷೀನು ಯಾಕ? ತಿಳದವ್ರು ಬಿಡಿಸಿ ಹೇಳ್ರಿ.

ಕ್ವಿಜ್‌ಪ್ರಿಯ:

ಸಿಂಪಲ್ ಸರ್. ಯಾಂತ್ರಿಕ ಅಲೆಗೆ ಮಾಧ್ಯಮ ಬೇಕು, ಅದು ಉದ್ದುದ್ದ, ಅಂದ್ರೆ ಸಾಗುವ ದಿಕ್ಕಿಗೇ ಹಿಂದೆ ಮುಂದೆ ಕಂಪಿಸುತ್ತೆ. ವಿದ್ಯುತ್ಕಾಂತೀಯ ಅಲೆಗೆ ಮಾಧ್ಯಮ ಬೇಡ, ಅದು ಆ ದಿಕ್ಕಿಗೆ ಅಡ್ಡಡ್ಡ ಕಂಪಿಸುತ್ತೆ. ಅದಕ್ಕೇ ಚಂದ್ರನ ಮೇಲೆ ರೇಡಿಯೊ ಮಾತ್ರ ನಡೆಯುತ್ತೆ, ಯಾಂತ್ರಿಕ ಅಲೆ ಅಲ್ಲಿ ಇರೋಕೇ ಸಾಧ್ಯವಿಲ್ಲ. ಎರಡು ಮಾರ್ಕಿಗೆ ಇಷ್ಟು ಸಾಕು.

ಎಕೋ_ನಾಯ್ಕ:

ಬಸಣ್ಣ, ಮೇಲಿನದ್ದು ಮಾರ್ಕಿಗೆ ಸಾಕೇನೋ, ನಿಮ್ಮ ಮಗಳಿಗೆ ಸಾಲೂದಿಲ್ಲ. ನಾನು ಅಂಕೋಲೆಯವ. ವಾಸ್ಕೋದಲ್ಲಿ ಬೋಟಿಗೆ ಫಿಶ್ ಫೈಂಡರ್, ಜಿಪಿಎಸ್, ವಯರ್‌ಲೆಸ್ ಕೂರಿಸುವ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಬಂದ್ ಅಂದ್ರೆ ಬೋಟಿನವರಿಗೆ ರಜೆ, ನಮಗೆ ಊಟಕ್ಕೂ ಪುರಸೊತ್ತಿಲ್ಲ. ಆದ್ರೂ ಈ ಪ್ರಶ್ನೆ ಬಿಟ್ಟು ಹೋಗಲಿಕ್ಕೆ ಮನಸ್ಸು ಬರಲಿಲ್ಲ.

ಗಡಿ ಇಲ್ಲ. ಶಬ್ದವನ್ನ ಎಷ್ಟೇ ಏರಿಸಿದ್ರೂ ಅದು ರೇಡಿಯೊ ಆಗೂದಿಲ್ಲ. ಕಿಲೋಹರ್ಟ್ಸ್ ಅಂದ್ರೆ ಸೆಕೆಂಡಿಗೆ ಎಷ್ಟು ಸಾವಿರ ಸಲ ಏರಿಳಿತ ಅಂತ ಲೆಕ್ಕ, ಅಷ್ಟೇ. ಏರಿಳಿಯೂದು ಎಂತದ್ದು ಅಂತ ಆ ಅಂಕಿ ಹೇಳೂದಿಲ್ಲ. ಫಿಶ್ ಫೈಂಡರಿನಲ್ಲಿ ನೀರೇ ಒತ್ತಿಕೊಳ್ತದೆ, ಸಡಿಲಾಗ್ತದೆ. ಒಂದು ಪದರ ಪಕ್ಕದ ಪದರವನ್ನ ತಳ್ತದೆ, ಅದು ಮುಂದಿನದ್ದನ್ನ. ಧಾರವಾಡದ 765ರಲ್ಲಿ ಗಾಳಿ ಅಲುಗಬೇಕಾದ ಕೆಲಸವೇ ಇಲ್ಲ. ಅಲ್ಲಿ ಏರಿಳಿಯೂದು ವಿದ್ಯುತ್ ಕ್ಷೇತ್ರ ಮತ್ತು ಕಾಂತ ಕ್ಷೇತ್ರ. ಒಂದು ಬದಲಾದಾಗ ಇನ್ನೊಂದು ಏಳ್ತದೆ, ಅದು ಬದಲಾದಾಗ ಮತ್ತೆ ಇದು. ಹಾಗೇ ಸಾಗ್ತದೆ.

200 ಕಿಲೋಹರ್ಟ್ಸಿನ ರೇಡಿಯೊ ಕೂಡ ಉಂಟು ಮತ್ತೆ! ಲಾಂಗ್ ವೇವ್ ಅಂತಾರೆ. ಬಿಬಿಸಿಯವರ ಲಾಂಗ್ ವೇವ್ ಪ್ರಸಾರ ಬಹಳ ವರ್ಷ ನಡೆದದ್ದು 198 ಕಿಲೋಹರ್ಟ್ಸಿನಲ್ಲಿ. ಅಂದ್ರೆ ಒಂದೇ ಅಂಕಿಯ ಶಬ್ದ, ಒಂದೇ ಅಂಕಿಯ ರೇಡಿಯೊ ಎರಡೂ ಇರಬಹುದು, ಒಂದಕ್ಕೊಂದು ಸಂಬಂಧ ಇಲ್ಲ. ಅಲೆಯ ಉದ್ದ ಹಾಕಿ ನೋಡಲಿಕ್ಕೆ ಹೇಳಿ. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್. 2 ಲಕ್ಷದಿಂದ ಭಾಗಿಸಿದ್ರೆ ಏಳೂವರೆ ಮಿಲಿಮೀಟರ್. ರೇಡಿಯೊ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಅದನ್ನೂ 2 ಲಕ್ಷದಿಂದಲೇ ಭಾಗಿಸಿದ್ರೆ ಒಂದೂವರೆ ಕಿಲೋಮೀಟರ್.

ಆದ್ರೆ ಶಬ್ದ ವಿದ್ಯುತ್ ಆಗುವ ಜಾಗ ಒಂದು ನಿಜವಾಗಿ ಉಂಟು. ಅದನ್ನ ನಾನು ದಿನಾ ಕೈಯಲ್ಲಿ ಹಿಡೀತೇನೆ. ಬೋಟಿನ ತಳಕ್ಕೆ ಒಂದು ಅಣಬೆ ಆಕಾರದ ಸಾಮಾನು ಇರ್ತದೆ, ಟ್ರಾನ್ಸ್‌ಡ್ಯೂಸರ್. ಈಗ ಬೋಟ್ ಮೇಲೆ ಎಳೆದಾಗ ನೋಡಿದ್ರೆ ಅದರ ಮುಖದ ತುಂಬ ಚಿಪ್ಪಿ ಹಿಡಿದಿರ್ತದೆ. ಮರದ ಚೂರಿನಿಂದ ಮೆತ್ತಗೆ ಕೆರೆದು ತೆಗೀಬೇಕು. ಉಳಿ ಹಾಕಿ ಕೆರೆದವರ ಕಥೆ ಬೇರೆ, ಅವರು ಹೊಸದಕ್ಕೆ ದುಡ್ಡು ಕೊಟ್ಟು ಹೋಗ್ತಾರೆ. ಕೆಟ್ಟದ್ದನ್ನ ಒಡೆದು ನೋಡಿದ್ರೆ ಒಳಗೆ ಬಿಸ್ಕತ್ತಿನಷ್ಟು ದಪ್ಪದ ಬಿಳಿ ಪಿಂಗಾಣಿ ಬಿಲ್ಲೆ, ಎರಡೂ ಮುಖಕ್ಕೆ ಬೆಳ್ಳಿಯ ಲೇಪ, ಒಂದೊಂದು ವಯರ್. ಅಷ್ಟೇ, ಬೇರೆ ಎಂತದ್ದೂ ಇಲ್ಲ.

ಕ್ಯಾಬಿನ್ನಿನಿಂದ ಕೇಬಲ್ ಒಳಗೆ ಬರೂದು ಕರೆಂಟು, ಸೆಕೆಂಡಿಗೆ 2 ಲಕ್ಷ ಸಲ ಆಚೀಚೆ ಆಗ್ತಾ. ಆ ಕರೆಂಟು ತಾಗಿದ ಕೂಡಲೇ ಬಿಲ್ಲೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಉಬ್ಬಿ ಕುಗ್ತದೆ, ಅದೇ ಲೆಕ್ಕದಲ್ಲಿ, 2 ಲಕ್ಷ ಸಲ. ಎದುರಿನ ನೀರಿಗೆ ತಳ್ಳು ಬೀಳ್ತದೆ. ಒಂದು ಚಿಕ್ಕ ಪೆಟ್ಟು ಕೊಟ್ಟು ಸುಮ್ಮನಾಗ್ತದೆ, ಆಮೇಲೆ ಕಾಯ್ತದೆ. ತಳಕ್ಕೆ ಬಡಿದ ಪ್ರತಿಧ್ವನಿ ಬಂದು ಅದೇ ಬಿಲ್ಲೆಯನ್ನ ಒತ್ತಿದಾಗ ವಯರಿನಲ್ಲಿ ಚೂರು ವೋಲ್ಟೇಜ್ ಹುಟ್ತದೆ. ಒತ್ತಿದ್ರೆ ಕರೆಂಟ್ ಕೊಡುವ ಈ ಗುಣವನ್ನ 1880ರಲ್ಲಿ ಕಂಡವರು ಫ್ರಾನ್ಸಿನ ಕ್ಯೂರಿ ಅಣ್ಣ ತಮ್ಮ. ಮೊದಲ ಮಹಾಯುದ್ಧದಲ್ಲಿ ಜಲಾಂತರ್ಗಾಮಿ ಹುಡುಕಲಿಕ್ಕೆ ಅದನ್ನ ನೀರಿಗಿಳಿಸಿದವ ಲಾಂಜೆವಿನ್. ನಿಮ್ಮ ಮಗಳು ಹುಡುಕುವ ಬಾಗಿಲು ಈ ಬಿಲ್ಲೆ. ಒಳಗೆ ಹೋಗುವಾಗಲೂ 200, ಹೊರಗೆ ಬರುವಾಗಲೂ 200. ಅಂಕಿ ಹಾಗೇ ಉಳೀತದೆ, ಅಲುಗುವ ವಸ್ತು ಬದಲಾಗ್ತದೆ.

ಇದಕ್ಕೆ ನೀರು ಎಷ್ಟು ಬೇಕು ಅಂದ್ರೆ, ಬಿಲ್ಲೆಯ ಮುಖಕ್ಕೂ ನೀರಿಗೂ ನಡುವೆ ತೆಳು ಗಾಳಿ ಪದರ ಬಂದ್ರೂ ಕೆಲಸ ಕೆಟ್ಟಿತು. ಬೋಟ್ ಜೋರಾಗಿ ಓಡಿಸಿದಾಗ ಸ್ಕ್ರೀನ್ ಖಾಲಿ ಆಗ್ತದೆ, ಮಷೀನ್ ಹಾಳು ಅಂತ ತಾಂಡೇಲರು ನನ್ನ ಮೇಲೆ ಹರಿಹಾಯ್ತಾರೆ. ಮಷೀನ್ ಸರಿ ಇರ್ತದೆ. ಬೋಟಿನ ಮೂತಿಯಿಂದ ಬರುವ ನೊರೆ ಟ್ರಾನ್ಸ್‌ಡ್ಯೂಸರಿನ ಮೇಲೇ ಹಾದು ಹೋಗ್ತಾ ಇರ್ತದೆ. ಶಬ್ದ ನೀರಿನಿಂದ ಗಾಳಿಗೆ ದಾಟಲಿಕ್ಕೆ ಒಪ್ಪೂದಿಲ್ಲ, ಹೆಚ್ಚುಕಡಿಮೆ ಎಲ್ಲಾ ವಾಪಸ್. ಮೀನು ಕಾಣೂದೂ ಇದೇ ಕಾರಣಕ್ಕೆ. ಮೀನಿನ ಮಾಂಸ ಬಹುಪಾಲು ನೀರಿನ ಹಾಗೇ, ಹೊಟ್ಟೆಯೊಳಗಿನ ಗಾಳಿ ಚೀಲ ಇದ್ದರೆ ಅದೇ ದೊಡ್ಡದಾಗಿ ಹೊಡೀತದೆ.

ಈಗ ನಿಮ್ಮ ಸ್ವಂತದ ಪ್ರಶ್ನೆ, ವಯರ್‌ಲೆಸ್ ಕೆಳಗೆ ಯಾಕೆ ಬಿಡಬಾರದು. ಬೋಟಿನ ವಯರ್‌ಲೆಸ್ಸಿಗೆ ವಿಹೆಚ್ಎಫ್ ಅಂತಾರೆ, ಅದರ 16ನೇ ಚಾನಲ್ 156.8 ಮೆಗಾಹರ್ಟ್ಸ್. ಉಪ್ಪು ನೀರು ಕರೆಂಟ್ ಹರಿಸುವ ವಸ್ತು. ಈ ರೇಡಿಯೊ ಅಲೆ ಅದರೊಳಗೆ ಹೊಕ್ಕ ಕೂಡಲೇ ನೀರಿನಲ್ಲಿ ಕರೆಂಟ್ ಎಬ್ಬಿಸಿ ತನ್ನ ಶಕ್ತಿ ಕಳಕೊಳ್ತದೆ. ಎರಡು ಸೆಂಟಿಮೀಟರ್ ಹೋಗುವಷ್ಟರಲ್ಲಿ ಅಲೆಯ ಎತ್ತರ ಮೂರರಲ್ಲಿ ಒಂದು ಪಾಲಿನ ಆಸುಪಾಸಿಗೆ ಇಳೀತದೆ, ಮತ್ತೆರಡು ಸೆಂಟಿಮೀಟರಿಗೆ ಅದರಲ್ಲೂ ಮೂರರಲ್ಲೊಂದು. ಮೊಣಕಾಲು ಮುಳುಗುವ ನೀರಿನಲ್ಲೇ ಅದರ ಕಥೆ ಮುಗೀತು. ಅದೇ ಅಲೆ ಗಾಳಿಯಲ್ಲಿ ಪಕ್ಕದ ಬೋಟಿಗೆ, ದಡಕ್ಕೆ ಆರಾಮಾಗಿ ಮುಟ್ತದೆ. ಮಾಧ್ಯಮ ಬೇಡ ಅಂತ ಪುಸ್ತಕದಲ್ಲಿ ಬರೆದದ್ದಕ್ಕೆ ಇಷ್ಟು ಸೇರಿಸ್ಕೊಳ್ಳಲಿಕ್ಕೆ ಹೇಳಿ: ಬೇಡ ಮಾತ್ರ ಅಲ್ಲ, ಕೆಲವು ಸಲ ಮಾಧ್ಯಮವೇ ಅದಕ್ಕೆ ಕಂಟಕ.

ಒಂದು ಲೆಕ್ಕ ನನಗೆ ಭಾರೀ ಇಷ್ಟ. 50 ಮೀಟರ್ ಆಳ, ಅಂದ್ರೆ 27 ಮಾರು ನೀರಿನಲ್ಲಿ ಬೋಟ್ ನಿಂತಿದೆ ಅಂತ ಇಟ್ಕೊಳ್ಳಿ. ಫಿಶ್ ಫೈಂಡರಿನ ಪೆಟ್ಟು ತಳಕ್ಕೆ ಹೋಗಿ ಬರಲಿಕ್ಕೆ 100 ಮೀಟರ್ ದಾರಿ, ಸುಮಾರು 0.067 ಸೆಕೆಂಡ್. ಅದೇ ಕ್ಯಾಬಿನ್ನಿನ ಜಿಪಿಎಸ್‌ಗೆ ನೆತ್ತಿಯ ಮೇಲಿನ ಉಪಗ್ರಹದಿಂದ ಸಿಗ್ನಲ್ ಬರೂದು 20,200 ಕಿಲೋಮೀಟರ್ ದೂರದಿಂದ. ಅದಕ್ಕೂ 0.067 ಸೆಕೆಂಡೇ! ಎರಡೂ ಡಬ್ಬಿ ಅಕ್ಕಪಕ್ಕ ಕೂತು ಅಷ್ಟೇ ಹೊತ್ತು ಕಾಯ್ತವೆ.

ಮನೇಲಿ ಮಾಡಿ ನೋಡಲಿಕ್ಕೆ ಒಂದು ಕೆಲಸ. ಮೊಬೈಲಿಗೆ ಎರಡು ನಿಮಿಷ ಬಿಟ್ಟು ಅಲಾರಂ ಇಟ್ಟು, ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯಲ್ಲಿ ಎಲ್ಲೂ ಸಂದಿ ಇಲ್ಲದ ಹಾಗೆ ಎರಡು ಮೂರು ಸುತ್ತು ಸುತ್ತಿ. ಇನ್ನೊಂದು ಫೋನಿನಿಂದ ಕಾಲ್ ಮಾಡಿ. ಆಮೇಲೆ ಅಲಾರಂಗೆ ಕಾಯಿರಿ.

ಸಿಂಹಗಡ_ರಸ್ತೆ:

ನಾಯ್ಕರು ಚೆನ್ನಾಗಿ ಹೇಳಿದ್ದಾರೆ. ಪುಣೆಯಲ್ಲಿ ಬಹಳ ವರ್ಷ ಭೌತಶಾಸ್ತ್ರ ಕಲಿಸಿದವನು ನಾನು, ಮೂಲ ವಿಜಯಪುರ. ಕ್ವಿಜ್‌ಪ್ರಿಯ ಅವರ ಉತ್ತರದಲ್ಲಿ ಎರಡು ತಪ್ಪಿವೆ. ಈ ಎರಡನ್ನೂ ಉತ್ತರಪತ್ರಿಕೆಗಳಲ್ಲಿ ಓದಿ ಓದಿ ನನ್ನ ಕೆಂಪು ಪೆನ್ನು ಸವೆದಿದೆ, ಹಾಗಾಗಿ ಸುಮ್ಮನಿರಲಾರೆ.

ಮೊದಲನೆಯದು ಉದ್ದುದ್ದ, ಅಡ್ಡಡ್ಡದ ಮಾತು. ಗಾಳಿ ಮತ್ತು ನೀರಿನೊಳಗಿನ ಶಬ್ದ ಉದ್ದುದ್ದ, ಸರಿ. ಆದರೆ ತಂಬೂರಿಯ ತಂತಿ ಮೀಟಿದರೆ ಅದು ಅಡ್ಡಡ್ಡ ಕಂಪಿಸುತ್ತದೆ, ಅದು ಯಾಂತ್ರಿಕ ಅಲೆಯೇ. ಭೂಕಂಪದಲ್ಲಿ ಎರಡೂ ಜಾತಿ ಹೊರಡುತ್ತವೆ. ನಮ್ಮ ಕಡೆಯ ಉದಾಹರಣೆಯೆಂದರೆ ಕೊಯ್ನಾ, 1967ರ ಡಿಸೆಂಬರ್ 11ರ ನಸುಕು. ಅಂಥ ಕಂಪನದಲ್ಲಿ ಮೊದಲು ಮುಟ್ಟುವುದು ಉದ್ದುದ್ದ ಒತ್ತುವ ಪಿ ಅಲೆ, ನೆಲದ ಮೇಲುಪದರದ ಬಂಡೆಯಲ್ಲಿ ಸೆಕೆಂಡಿಗೆ 6 ಕಿಲೋಮೀಟರ್ ಆಸುಪಾಸು. ಹಿಂದೆ ಬರುವುದು ಅಡ್ಡ ಅಲುಗಿಸುವ ಎಸ್ ಅಲೆ, ಮೂರೂವರೆ ಆಸುಪಾಸು. 1897ರ ಅಸ್ಸಾಂ ಭೂಕಂಪದ ದಾಖಲೆಗಳಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿ ಗುರುತಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ಓಲ್ಡ್‌ಹ್ಯಾಮ್. ಭೂಮಿಗೆ ಬೇರೆಯೇ ಒಂದು ಗರ್ಭವಿದೆ ಎಂದು 1906ರಲ್ಲಿ ಇಂಥ ಅಲೆಗಳಿಂದಲೇ ತೋರಿಸಿದವರೂ ಅವರೇ. ಅಡ್ಡಡ್ಡದ ಯಾಂತ್ರಿಕ ಅಲೆ ದ್ರವದೊಳಗೆ ಸಾಗುವುದಿಲ್ಲ, ಏಕೆಂದರೆ ದ್ರವವನ್ನು ಪಕ್ಕಕ್ಕೆ ಜರುಗಿಸಿದರೆ ಅದು ಮರಳಿ ಎಳೆಯುವುದಿಲ್ಲ. ಹೊರಗರ್ಭ ದ್ರವವೆಂದು ನಮಗೆ ತಿಳಿದದ್ದೂ ಎಸ್ ಅಲೆ ಅದನ್ನು ದಾಟದೆ ಹೋದದ್ದರಿಂದ.

ಎರಡನೆಯದು ಚಂದ್ರ. ಅಲ್ಲಿ ಗಾಳಿ ಇಲ್ಲ ಅಂದಮಾತ್ರಕ್ಕೆ ನೆಲವೂ ಇಲ್ಲವೇ? 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ 3ರ ವಿಕ್ರಂ ಜೊತೆ ಇಲ್ಸಾ ಎಂಬ ಕಂಪನಮಾಪಕ ಹೋಗಿತ್ತು. ಪ್ರಜ್ಞಾನ್ ರೋವರ್ ಓಡಾಡಿದಾಗ ನೆಲದಲ್ಲಿ ಹುಟ್ಟಿದ ಕಂಪನವನ್ನು ಅದು ದಾಖಲಿಸಿತು. ಶುದ್ಧ ಯಾಂತ್ರಿಕ ಅಲೆ, ಚಂದ್ರನ ಮಣ್ಣಿನಲ್ಲಿ. ಆ ದಾಖಲೆ ಅಲ್ಲಿಂದ ಬೆಂಗಳೂರಿಗೆ ಬಂದದ್ದು ಮಾತ್ರ ರೇಡಿಯೊದಲ್ಲಿ.

ಮಗುವಿನ ಪ್ರಶ್ನೆಗೆ ಇನ್ನೊಂದು ಮುಖವಿದೆ, ಅದನ್ನು ಯಾರೂ ಮುಟ್ಟಿಲ್ಲ. ಶಬ್ದವನ್ನು ಏರಿಸುತ್ತ ಹೋದರೆ ರೇಡಿಯೊ ಆಗುವುದಿಲ್ಲ ಸರಿ, ಹಾಗಾದರೆ ಏನಾಗುತ್ತದೆ? ನಿಂತುಹೋಗುತ್ತದೆ. ಆವರ್ತನ, ಅಂದರೆ ಸೆಕೆಂಡಿಗೆ ಆಗುವ ಏರಿಳಿತದ ಸಂಖ್ಯೆ, ಏರಿದಂತೆ ಅಲೆಯ ಉದ್ದ ಕುಗ್ಗುತ್ತದೆ. ನಮ್ಮ ಸುತ್ತಲಿನ ಗಾಳಿಯಲ್ಲಿ ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮುಂಚೆ ಸಾಗುವ ಸರಾಸರಿ ದೂರ ಸುಮಾರು 70 ನ್ಯಾನೊಮೀಟರ್. ಅಲೆಯ ಉದ್ದ ಅಷ್ಟಕ್ಕೆ ಇಳಿದರೆ ತಳ್ಳುವವನಿಗೆ ತಳ್ಳಿಸಿಕೊಳ್ಳುವವನೇ ಸಿಗುವುದಿಲ್ಲ. ಲೆಕ್ಕ ಹಾಕಿದರೆ ಅದು ಕೆಲವು ಗಿಗಾಹರ್ಟ್ಸ್ (ಒಂದು ಗಿಗಾ ಅಂದರೆ ನೂರು ಕೋಟಿ). ಅದಕ್ಕಿಂತ ಎಷ್ಟೋ ಮೊದಲೇ ಗಾಳಿ ಅದನ್ನು ಹೀರಿ ಮುಗಿಸಿರುತ್ತದೆ. ಘನವಸ್ತುವಿನಲ್ಲಿ ಪರಮಾಣುಗಳ ನಡುವಿನ ಅಂತರವೇ ಮಿತಿ, ಹತ್ತಾರು ಟೆರಾಹರ್ಟ್ಸ್ (ಒಂದು ಟೆರಾ ಅಂದರೆ ಲಕ್ಷ ಕೋಟಿ) ಬಂದರೆ ಅದೇ ಕೊನೆ. ಯಾಂತ್ರಿಕ ಅಲೆಗೆ ಚಾವಣಿ ಇದೆ, ಏಕೆಂದರೆ ಅದು ವಸ್ತುವಿನ ಕಣಗಳಿಂದಾದದ್ದು. ವಿದ್ಯುತ್ಕಾಂತೀಯ ಅಲೆಗೆ ಅಂಥ ಚಾವಣಿ ಇಲ್ಲ. ರೇಡಿಯೊ, ಬೆಳಕು, ಎಕ್ಸ್‌ರೇ, ಗಾಮಾ ಎಂದು ಏರುತ್ತಲೇ ಹೋಗುತ್ತದೆ. ರೇಡಿಯೊ ಏರಿ ಬೆಳಕಾಗುತ್ತದೆ ಎಂಬ ಅರ್ಧ ಆಕೆ ಸರಿಯಾಗಿಯೇ ಹೇಳಿದ್ದಾಳೆ. ಶಬ್ದವನ್ನು ಆ ಏಣಿಯ ಬುಡಕ್ಕೆ ಜೋಡಿಸಿದ್ದು ಮಾತ್ರ ಬೇಡವಾಗಿತ್ತು.

ಹಾಗಾದರೆ ಖಾಲಿ ಜಾಗದಲ್ಲಿ ಅಲುಗುವುದು ಏನು ಎಂದು ಆಕೆ ಕೇಳಿದರೆ ಬೈಯಬೇಡಿ. ದೊಡ್ಡ ದೊಡ್ಡವರೇ ಅದನ್ನು ನಂಬಲಿಲ್ಲ. 1865ರಲ್ಲಿ ಮ್ಯಾಕ್ಸ್‌ವೆಲ್ ಸಮೀಕರಣಗಳಿಂದ ಅಲೆಯ ವೇಗ ತೆಗೆದಾಗ ಅದು ಬೆಳಕಿನ ವೇಗವೇ ಆಗಿತ್ತು. ಆದರೂ ಅದು ಸಾಗಲು ಈಥರ್ ಎಂಬ ಏನೋ ತುಂಬಿರಬೇಕೆಂದು ಎಲ್ಲರೂ, ಸ್ವತಃ ಮ್ಯಾಕ್ಸ್‌ವೆಲ್ಲರೂ, ಭಾವಿಸಿದ್ದರು. 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಹುಡುಕಿದರು, ಅದರ ಸುಳಿವೇ ಸಿಗಲಿಲ್ಲ. ಅದೇ ಹೊತ್ತಿಗೆ ಜರ್ಮನಿಯಲ್ಲಿ ಹರ್ಟ್ಸ್ ಆ ಅಲೆಗಳನ್ನು ಪ್ರಯೋಗಶಾಲೆಯಲ್ಲಿ ಎಬ್ಬಿಸಿ ಹಿಡಿದು ತೋರಿಸುತ್ತಿದ್ದರು. ಬಸಣ್ಣನವರೇ, ನಿಮ್ಮ 200ರ ಮುಂದೆ ಬರೆದಿರುವುದು ಅವರ ಹೆಸರೇ.

ವೇಗದ ವಿಷಯದಲ್ಲೂ ಇಬ್ಬರ ಸ್ವಭಾವ ತಿರುವುಮುರುವು. ಶಬ್ದಕ್ಕೆ ಗಟ್ಟಿ ವಸ್ತು ಅಂದರೆ ಹುರುಪು: ಗಾಳಿಯಲ್ಲಿ 343 ಮೀಟರ್, ನೀರಿನಲ್ಲಿ 1500, ಉಕ್ಕಿನಲ್ಲಿ 5000 ದಾಟುತ್ತದೆ. ಬೆಳಕಿಗೆ ವಸ್ತು ಅಂದರೆ ಅಡ್ಡಿ: ನಿರ್ವಾತದಲ್ಲಿ 3 ಲಕ್ಷ ಕಿಲೋಮೀಟರ್, ನೀರಿನಲ್ಲಿ ಎರಡೂಕಾಲು ಲಕ್ಷ, ಗಾಜಿನಲ್ಲಿ 2 ಲಕ್ಷ.

ಪುಣೆ ಕಡೆ ಬಂದರೆ ನಾರಾಯಣಗಾಂವ್ ಹತ್ತಿರದ ಖೋಡದ್‌ಗೆ ಆಕೆಯನ್ನು ಕರೆತನ್ನಿ. ಗೋವಿಂದ ಸ್ವರೂಪರು ಕಟ್ಟಿಸಿದ ದೈತ್ಯ ರೇಡಿಯೊ ದೂರದರ್ಶಕವಿದೆ, ತಲಾ 45 ಮೀಟರಿನ 30 ತಟ್ಟೆಗಳು. ಹತ್ತಿರದಿಂದ ನೋಡಿದರೆ ತಟ್ಟೆ ಎನ್ನುವುದು ಬರೀ ಸಣ್ಣ ತಂತಿಯ ಜಾಲರಿ. ಗಾಳಿ, ಹಕ್ಕಿಯ ಕೂಗು ಎಲ್ಲ ಅದರೊಳಗೆ ತೂರಿ ಆಚೆ ಹೋಗುತ್ತವೆ. ಆಕಾಶದ ಹೈಡ್ರೊಜನ್ ಅನಿಲದಿಂದ ಬರುವ 21 ಸೆಂಟಿಮೀಟರಿನ ರೇಡಿಯೊ ಅಲೆಗೆ ಮಾತ್ರ ಅದು ಗೋಡೆ. ಜಾಲರಿಯ ಕಣ್ಣು ಅಲೆಯ ಉದ್ದಕ್ಕಿಂತ ಬಹಳ ಚಿಕ್ಕದು, ಅಷ್ಟೇ ಗುಟ್ಟು.

ಎಕ್ಸ್‌ರೇ_ಅಕ್ಕ:

ನಾನು ಠಾಣೆಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ, ಸೋನೋಗ್ರಫಿ ವಿಭಾಗದಲ್ಲಿದ್ದೇನೆ, ಊರು ಕುಂದಾಪುರ. ಈ ಎರಡು ಜಾತಿ ಗೊತ್ತಿಲ್ಲದೆ ಜನ ಪಡುವ ಭಯ ದಿನಾ ನೋಡ್ತೇನೆ. ಬಸುರಿ ಸೊಸೆಯ ಜೊತೆ ಬಂದ ಅತ್ತೆ ಬಾಗಿಲಲ್ಲೇ "ಸೋನೋಗ್ರಫಿ ಅಂದ್ರೆ ರೇಡಿಯೇಶನ್ ಅಲ್ವಾ ಸಿಸ್ಟರ್, ಮಗುವಿಗೆ ತಾಗುತ್ತಲ್ಲಾ" ಅಂತಾರೆ. ಅವರೇ ಹಲ್ಲಿನ ಎಕ್ಸ್‌ರೇಗೆ ಸೀಸದ ಏಪ್ರನ್ ಹಾಕಲು ಹೋದರೆ ಭಾರ ಅಂತ ಬೇಡ ಅಂತಾರೆ!

ನಾಯ್ಕರ ಬಿಳಿ ಬಿಲ್ಲೆ ಇದೆಯಲ್ಲ, ನಮ್ಮ ಪ್ರೋಬಿನ ಒಳಗೂ ಅದೇ ಜಾತಿಯ ಪಿಂಗಾಣಿ, ತೀರಾ ಸಣ್ಣ ಸಣ್ಣ ತುಂಡಾಗಿ ಸಾಲಾಗಿ ಕೂತಿರುತ್ತೆ. ಹೊಟ್ಟೆಗೆ ಇಡೋದು ಸಾಮಾನ್ಯವಾಗಿ 3.5 ಮೆಗಾಹರ್ಟ್ಸ್ ಆಸುಪಾಸಿನದ್ದು. ದೇಹದೊಳಗೆ ವೇಗ 1540 ಮೀಟರ್ ಅಂತ ಮಷೀನು ಲೆಕ್ಕ ಹಿಡಿಯುತ್ತೆ, ಅಲೆಯ ಉದ್ದ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಅದೇ 3.5 ಮೆಗಾಹರ್ಟ್ಸಿನ ರೇಡಿಯೊ ಅಲೆ 85 ಮೀಟರಿಗಿಂತ ಉದ್ದ, ಅದರಲ್ಲಿ ಮಗುವಿನ ಬೆರಳು ಎಣಿಸಲು ಆಗುತ್ತಾ? ತಣ್ಣಗಿನ ಜೆಲ್ ಹಚ್ಚಿದಾಗ ಎಲ್ಲರೂ ಮುಖ ಕಿವುಚ್ತಾರೆ. ಬೋಟಿನ ನೊರೆಯ ಕಥೆಯೇ ಇಲ್ಲೂ: ಚರ್ಮಕ್ಕೂ ಪ್ರೋಬಿಗೂ ನಡುವೆ ಗಾಳಿ ಉಳಿದರೆ ಸ್ಕ್ರೀನಲ್ಲಿ ಏನೂ ಬರಲ್ಲ.

ಎಕ್ಸ್‌ರೇ ಬೆಳಕಿನ ಬಳಗದ್ದು, ಅದಕ್ಕೆ ಜೆಲ್ಲೂ ಬೇಡ, ಮುಟ್ಟೋದೂ ಬೇಡ. ಆದರೆ ಅಣುವಿನಿಂದ ಎಲೆಕ್ಟ್ರಾನ್ ಕಿತ್ತು ಹಾಕುವ ಶಕ್ತಿ ಅದಕ್ಕಿದೆ, ಸೀಸ ಅದಕ್ಕೇ. ಸೋನೋಗ್ರಫಿಗೆ ಆ ಗುಣ ಇಲ್ಲ, ಅದು ತಳ್ಳುತ್ತೆ, ಚೂರು ಬಿಸಿ ಮಾಡುತ್ತೆ. ಹಾಗಂತ ಸುಮ್ಮಸುಮ್ಮನೆ ಹೊತ್ತುಗಟ್ಟಲೆ ಮಾಡೋದಲ್ಲ, ಬೇಕಾದಷ್ಟೇ. ಇನ್ನು ವಿಕಿರಣ ಅನ್ನೋದೆಲ್ಲಾ ಅಪಾಯವೂ ಅಲ್ಲ, ಟ್ಯೂಬ್‌ಲೈಟಿನ ಬೆಳಕೂ ವಿಕಿರಣವೇ.

ಬೆತಿಂ_ಬಸಣ್ಣ:

ಎಲ್ಲಾರಿಗೂ ಶರಣ್ರಿ. ಮಗಳು ಎಲ್ಲಾ ಓದಿ ನೋಟ್‌ಬುಕ್ಕಿನ್ಯಾಗ ಇಳಿಸ್ಕೊಂಡಾಳ. 0.067ರ ಲೆಕ್ಕ ಸ್ವಂತ ಹಾಕಿ ನೋಡಿ "ಬರೋಬ್ಬರಿ ಐತಿ" ಅಂತ ಪಾಸ್ ಮಾಡ್ಯಾಳ ನಾಯ್ಕರನ್ನ.

ಫೋನಿನ ಕೆಲಸಾನೂ ಆತ್ರಿ. ಹಾಳಿ ಹುಡುಕೂತನಕ ಯಾರು ಕಾಯ್ತಾರ ಅಂತ ಮೊದಲ ಕುಕ್ಕರ್‌ದಾಗ ಇಟ್ಟು ಮುಚ್ಚಿದ್ವಿ. ಕಾಲ್ ಮಾಡಿದ್ರ ಒಳಗ ಬಡಕೊಳ್ಳಾಕ ಹತ್ತಿತು! ನನ್ನ ಹೆಂಡ್ತಿ "ಸೀಟಿ ಹೊಡಿಯೂದ ಒಂದ ಬಾಕಿ" ಅಂದ್ಲು. ಆಮ್ಯಾಲ ಹಾಳಿ ತಂದು ಸುತ್ತಿದ್ವಿ. ಕಾಲ್ ಮಾಡಿದ್ರ ಸಂಪರ್ಕದಾಗ ಇಲ್ಲ ಅಂತು. ಹೊತ್ತಿಗೆ ಸರಿಯಾಗಿ ಅಲಾರಂ ಮಾತ್ರ ಕೇಳಿಸ್ತು, ಸ್ವಲ್ಪ ಮಂದ ಅಷ್ಟ. ಶಬ್ದ ದಾಟಿತು, ರೇಡಿಯೊ ದಾಟಲಿಲ್ಲ. ಕುಕ್ಕರ್‌ದಾಗ ಯಾಕ ದಾಟಿತು?

ಮತ್ತ ಅಕಿದು ಹೊಸಾದೊಂದು. ಬೆಳಕೂ ರೇಡಿಯೊ ಬಳಗಾನ ಅಂದ್ರಿ, ಉಪ್ಪ ನೀರು ಎರಡು ಸೆಂಟಿಮೀಟರ್‌ದಾಗ ರೇಡಿಯೊ ತಿಂತೈತಿ ಅಂದ್ರಿ. ಹಂಗಾದ್ರ ಸಮುದ್ರದಾಗ ಬೆಳಕ ಹೆಂಗ ಇಳೀತೈತಿ? ಗಾಜಿನ ತೊಟ್ಟ್ಯಾಗ ಮೀನ ಹೆಂಗ ಕಾಣತಾವ?

ಎಕೋ_ನಾಯ್ಕ:

ಕುಕ್ಕರಿನದ್ದು ರಬ್ಬರಿನ ಮಹಿಮೆ. ಮುಚ್ಚಳಕ್ಕೂ ಪಾತ್ರೆಗೂ ನಡುವೆ ಗ್ಯಾಸ್ಕೆಟ್ ಉಂಟಲ್ಲ, ಅದಕ್ಕೆ ಕರೆಂಟ್ ಹರಿಯೂದಿಲ್ಲ. ರೇಡಿಯೊ ಲೆಕ್ಕದಲ್ಲಿ ಅದು ಸುತ್ತಲೂ ತೆರೆದ ಸೀಳು. 1800 ಮೆಗಾಹರ್ಟ್ಸಿನ ಮೊಬೈಲ್ ಅಲೆ ಸುಮಾರು 17 ಸೆಂಟಿಮೀಟರ್, ಸೀಳು ಅದಕ್ಕಿಂತ ಎಷ್ಟೋ ಉದ್ದ. ಸೀಳು ತೆಳು ಇದ್ದರೂ ಉದ್ದ ಇದ್ದರೆ ನುಸುಳ್ತದೆ. ಪುಣೆಯ ಸರ್ ಹೇಳಿದ ಜಾಲರಿಯಲ್ಲಿ ಕಣ್ಣು ಎಲ್ಲಾ ದಿಕ್ಕಿಗೂ ಚಿಕ್ಕದು, ಅದಕ್ಕೇ ಅಲ್ಲಿ ನುಸುಳೂದಿಲ್ಲ.

ಬೆಳಕಿನ ಪ್ರಶ್ನೆ ಜೋರಿದೆ. ನೀರು ವಿದ್ಯುತ್ಕಾಂತೀಯ ಅಲೆಯನ್ನ ಎಲ್ಲಾ ಅಂಕಿಯಲ್ಲೂ ಒಂದೇ ಹಾಗೆ ತಿನ್ನೂದಿಲ್ಲ. ರೇಡಿಯೊದಲ್ಲಿ ಆವರ್ತನ ಇಳಿಸಿದಷ್ಟೂ ಆಳಕ್ಕೆ ಹೋಗ್ತದೆ. 20 ಕಿಲೋಹರ್ಟ್ಸಿಗೆ ಇಳಿಸಿದ್ರೆ ಎರಡು ಸೆಂಟಿಮೀಟರ್ ಹೋಗಿ ಹೆಚ್ಚುಕಡಿಮೆ ಎರಡು ಮೀಟರ್ ಆಗ್ತದೆ. ಮುಳುಗಿದ ಜಲಾಂತರ್ಗಾಮಿಗೆ ಸಂದೇಶ ಕಳಿಸೂದು ಅಂಥ ಕೆಳಗಿನ ಆವರ್ತನದಲ್ಲೇ. ತಮಿಳುನಾಡಿನ ತಿರುನೆಲ್ವೇಲಿ ಕಡೆ ನೌಕಾಪಡೆಯ ಐಎನ್ಎಸ್ ಕಟ್ಟಬೊಮ್ಮನ್ ಇರೂದು ಅದೇ ಕೆಲಸಕ್ಕೆ. 20 ಕಿಲೋಹರ್ಟ್ಸ್ ಅಂದ್ರೆ ಕಿವಿಗೆ ಕೇಳುವ ಶಬ್ದದ ಅಂಚು, ನೋಡಿ. ಹಾಗಂತ ಆ ಆಂಟೆನಾದ ಕೆಳಗೆ ನಿಂತವನ ಕಿವಿಗೆ ಆ ರೇಡಿಯೊ ಶಬ್ದವಾಗಿ ಕೇಳೂದಿಲ್ಲ.

ರೇಡಿಯೊದಿಂದ ಮೇಲೆ ಹೋದ ಹಾಗೆ ನೀರು ಇನ್ನೂ ಹಸಿದ ಹಾಗೆ ತಿನ್ತದೆ. ಮೈಕ್ರೋವೇವ್ ಒಲೆ ಅನ್ನ ಬಿಸಿ ಮಾಡೂದು ಅದಕ್ಕೇ. ಅದರ ಮೇಲಿನ ಇನ್ಫ್ರಾರೆಡ್ಡಿನ ಬಹುಪಾಲು ತೀರಾ ತೆಳು ಪದರದಲ್ಲೇ ಮುಗೀತದೆ. ಇನ್ನೂ ಮೇಲೆ, ಕಣ್ಣಿಗೆ ಕಾಣುವ ಬೆಳಕಿನ ಹತ್ತಿರ, ನೀರಿನಲ್ಲಿ ಒಂದು ಕಿಟಕಿ ತೆರೀತದೆ. ಅಷ್ಟು ವೇಗದ ಏರಿಳಿತಕ್ಕೆ ಉಪ್ಪಿನ ಅಯಾನು (ನೀರಿನಲ್ಲಿ ಕರೆಂಟ್ ಹೊರುವ ಕಣ) ಓಡಾಡಿ ಕರೆಂಟ್ ಆಗಲಿಕ್ಕೆ ಹೊತ್ತೇ ಸಿಗೂದಿಲ್ಲ, ನೀರಿನ ಅಣುವಿಗೂ ಆ ಅಂಕಿ ಅಷ್ಟು ಹಿಡಿಸೂದಿಲ್ಲ. ಕಿಟಕಿ ತುಂಬ ಅಗಲ ಇಲ್ಲ. ಕೆಂಪು ಬೇಗ ಸಾಯ್ತದೆ, ಮೊದಲ ಹತ್ತಿಪ್ಪತ್ತು ಮೀಟರಿನಲ್ಲೇ ಹೆಚ್ಚಿನದ್ದು ಖಾಲಿ. ನೀಲಿ ತಿಳಿ ಸಮುದ್ರದಲ್ಲಿ 200 ಮೀಟರಿನವರೆಗೂ ಮಂಕಾಗಿ ಇಳೀತದೆ. ನಮ್ಮ ದಡದ ಹತ್ತಿರದ ಕದಡಿದ ನೀರಿನಲ್ಲಿ ಹಸಿರು ಹೆಚ್ಚು ದೂರ. ಮಳೆಗಾಲದಲ್ಲಿ ಮಾಂಡವಿ ನದಿಯ ನೀರು ನೋಡಿದ್ದೀರಲ್ಲ, ಮೊಣಕೈ ಮುಳುಗಿಸಿದ್ರೆ ಬೆರಳು ಕಾಣೂದಿಲ್ಲ. ಅದು ಮಣ್ಣಿನ ತಪ್ಪು, ನೀರಿನದ್ದಲ್ಲ. ಆ ರಾಡಿಯಲ್ಲೂ ಫಿಶ್ ಫೈಂಡರ್ ತಳ ತೋರಿಸ್ತದೆ.

ರಾತ್ರಿ ನೀರೊಳಗೆ ಹಸಿರು ಎಲ್ಇಡಿ ಬಿಟ್ಟು ಮೀನು ಸೇರಿಸುವವರೂ ಈ ಕಿಟಕಿಯನ್ನೇ ಬಳಸೂದು. ಅದನ್ನ 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ನಿಷೇಧಿಸಿದೆ, ಆದ್ರೂ ಜೆಟ್ಟಿಯಲ್ಲಿ ಅದರ ಜಗಳ ನಿಂತಿಲ್ಲ. ಯಾರು ಸರಿ ಯಾರು ತಪ್ಪು ಅಂತ ಕೇಳೂದಾದ್ರೆ ಬೇರೆ ಥ್ರೆಡ್ ತೆಗೀರಿ ಬಸಣ್ಣ. ಇಲ್ಲಿ ಬೇಡ, ನನಗೆ ಎರಡೂ ಕಡೆಯ ಗಿರಾಕಿ ಇದ್ದಾರೆ.